ಉಳಿಸಿದ ಜೀವ

"ದೊಡ್ಡ ಮೈಕಟ್ಟಿನ ಆಳಿಗೆ ಎಷ್ಟು ಬೇಕಾಗುತ್ತೆ ಅಣ್ಣಾ?"

ಔಷಧಿ ಅಂಗಡಿಯವನ ಕೈ ಡಬ್ಬಿಯ ಮೇಲೆಯೇ ನಿಂತಿತು. ಡಾಕ್ಟರು ನಿದ್ದೆ ಮಾತ್ರೆ ಬರೆದಿದ್ದದ್ದು ಈ ಹೆಂಗಸಿಗೆ. ಇವಳೋ, ಜೋರಾಗಿ ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಳು. ಅವಳ ಮನೆಯಲ್ಲಿ ದೊಡ್ಡ ಆಳು ಅಂತಿದ್ದವನು ಒಬ್ಬನೇ, ಗಂಡ. ಮರದ ಮಿಲ್ಲಿನ ಮೇಸ್ತ್ರಿ.

"ಮಾತ್ರೆ ನಿಮಗೆ ತಾನೇ?"

"ನನಗೇ. ಸುಮ್ಮನೆ ಕೇಳಿದೆ." ಅವಳ ಕಣ್ಣು ಬೀದಿಯ ಮೇಲಿತ್ತು. ಪುಟ್ಟ ಮಗಳು ಅವಳ ಬೆರಳು ಹಿಡಿದು ನಿಂತಿದ್ದಳು. "ಹಾಲಿಗೆ ಹಾಕಿದರೆ ಕಹಿ ಗೊತ್ತಾಗುತ್ತಾ?"

ಸುಮ್ಮನೆ ಕೇಳುವ ಮಾತೇ ಇದು?

ಮೇಸ್ತ್ರಿಯನ್ನು ಅರಿಯದವರಿಲ್ಲ. ಚರ್ಚಿನಲ್ಲಿ ಅವನು ದನಿ ಎತ್ತಿ ಹಾಡಿದರೆ ಕಿಟಕಿಯ ಗಾಜು ಅದುರುತ್ತಿತ್ತು. ಯಾರು ಸತ್ತರೂ ಪೆಟ್ಟಿಗೆಗೆ ಮೊದಲು ಹೆಗಲು ಕೊಡುವವನು ಅವನೇ. ಅಂಗಡಿಯವನಿಗೆ ಅವನೆಂದರೆ ಒಡಹುಟ್ಟಿದ ತಮ್ಮನ ಹಾಗೆ. ಈ ಹೆಂಡತಿಯೋ, ಯಾರ ಜೊತೆಗೂ ಎರಡು ಮಾತಿಲ್ಲ. ಉರಿಬಿಸಿಲಲ್ಲೂ ಮುಂಗೈವರೆಗೆ ತೋಳು, ಕತ್ತಿನವರೆಗೆ ಗುಂಡಿ. ಇಷ್ಟು ಮುಚ್ಚಿಕೊಳ್ಳುವವಳು ಮನಸ್ಸಿನಲ್ಲೂ ಏನನ್ನೋ ಮುಚ್ಚಿಟ್ಟಿದ್ದಾಳೆ ಎಂದು ಅವನಿಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು.

ಅಂಗಡಿಯವನು ಚರ್ಚಿನ ಸಭೆಯ ಹಿರಿಯ. ಕಳೆದ ಭಾನುವಾರ ಪಾದ್ರಿಗಳು, "ಕೇಡನ್ನು ಊರಾಚೆ ಹುಡುಕಬೇಡಿ, ಅದು ನಿಮ್ಮ ಬೆಂಚಿನ ಮೇಲೇ ಬಂದು ಕೂತಿದೆ" ಎಂದಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ್ದ.

ಈಗ ಅದು ಕೌಂಟರಿನ ಆಚೆ ನಿಂತಿತ್ತು.

ಇಲ್ಲ ಅಂದರೆ ಬೇರೆ ಅಂಗಡಿಗೆ ಹೋಗುತ್ತಾಳೆ. ಅವನು ಒಳಕ್ಕೆ ಹೋದ. ಮೂಳೆಗೆ ಬಲ ಬರಲೆಂದು ಮುದುಕಿಯರು ತಿನ್ನುವ ಸುಣ್ಣದ ಮಾತ್ರೆಗಳೂ ನಿದ್ದೆ ಮಾತ್ರೆಗಳ ಹಾಗೆಯೇ ಬೆಳ್ಳಗೆ, ಹಾಗೆಯೇ ದುಂಡಗೆ ಇದ್ದವು. ತಿಂದರೆ ಯಾರೂ ಸಾಯುವುದಿಲ್ಲ. ಅವನ್ನೇ ಎಣಿಸಿ ಪೊಟ್ಟಣ ಕಟ್ಟಿದ.

ಅವಳು ಪೊಟ್ಟಣವನ್ನು ಎದೆಗೆ ಒತ್ತಿಕೊಂಡಳು. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಅಣ್ಣಾ. ಜೀವ ಉಳಿಸಿದಿರಿ."

"ಹೌದಮ್ಮ," ಎಂದ ಅವನು. "ಉಳಿಸಿದೆ."

ಸಂಜೆ ಹೆಂಡತಿಗೆ ಹೇಳಿದ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

"ಯಾಕೆ ಅಂತ ಅವಳನ್ನೇ ಒಂದು ಮಾತು ಕೇಳೋಕೆ ನಿಮಗೇನಾಗಿತ್ತು ರೀ?"

"ಗಂಡನಿಗೆ ವಿಷ ಹಾಕೋಳು ನಿಜ ಹೇಳ್ತಾಳಾ?"

"ನಿಮಗಂತೂ ಹೇಳ್ತಿರಲಿಲ್ಲ ಬಿಡಿ. ತೀರ್ಪು ಕೊಟ್ಟಾದ ಮೇಲೆ ತಾನೇ ನೀವು ವಿಚಾರಣೆ ಮಾಡೋದು."

"ಹೋಗೇ, ದೊಡ್ಡ ಜಡ್ಜಮ್ಮ! ಒಂದು ಪ್ರಾಣ ಕಾಪಾಡಿ ಬಂದಿದ್ದೀನಿ, ಇವಳ ವರಾತ ನೋಡು."

ಮಲಗುವ ಮುಂಚೆ ಮಂಡಿಯೂರಿದ. ಮೇಸ್ತ್ರಿಯನ್ನು ಕಾಪಾಡು, ಆ ಹೆಂಗಸಿನ ಪಾಪಕ್ಕೆ ತಕ್ಕದ್ದು ಕೊಡು ಎಂದು ಬೇಡಿಕೊಂಡ. ತನಗಾಗಿ ಏನನ್ನೂ ಕೇಳಲಿಲ್ಲ. ಗಡದ್ದಾಗಿ ನಿದ್ದೆ ಬಂತು.

ಬೆಳಿಗ್ಗೆ ಮಿಲ್ಲಿನ ಸೈರನ್ ಕೂಗಿತು. ದಿನವೂ ಅಂಗಡಿ ಮುಂದೆ ಹಾದುಹೋಗುತ್ತಿದ್ದ ಮೇಸ್ತ್ರಿ ಬರಲಿಲ್ಲ. ಅಂಗಡಿಯವನು ಕೌಂಟರು ಬಿಟ್ಟು ಹೊರಟ. ಬೇರೆ ಕಡೆಯಿಂದಲೂ ಏನಾದರೂ ತಂದಿದ್ದಳೇ? ಬೀದಿಗೆ ಇಳಿಯುವಷ್ಟರಲ್ಲಿ ತಿರುವಿನಲ್ಲಿ ಆ ಅಗಲ ಹೆಗಲು ಕಂಡಿತು. ನಡೆದು ಬರುತ್ತಿದ್ದಾನೆ. ಬದುಕಿದ್ದಾನೆ.

"ಸ್ವಾಮೀ, ನಿನಗೆ ಸ್ತೋತ್ರ," ಎಂದುಕೊಂಡ.

"ಅಣ್ಣಾ," ಮೇಸ್ತ್ರಿಯ ದನಿ ಒಡೆದಿತ್ತು. "ನಮ್ಮನೆಯವಳು ಮೆಟ್ಟಿಲಿಂದ ಉರುಳಿಬಿಟ್ಟಳು. ಹೋಗಿಬಿಟ್ಟಳು."

ಅಂಗಡಿಯವನು ಅವನನ್ನು ತಬ್ಬಿಕೊಂಡ. ಬೆನ್ನು ಸವರುತ್ತಿದ್ದಂತೆ ಮೈ ಜುಮ್ಮೆಂದಿತು. ಬೇಡಿಕೊಂಡು ಒಂದೇ ರಾತ್ರಿ ಕಳೆದಿತ್ತು. ದೇವರು ಇಷ್ಟು ಬೇಗ ಉತ್ತರ ಕೊಟ್ಟದ್ದನ್ನು ಅವನು ಕಂಡಿರಲಿಲ್ಲ.

ಮೇಸ್ತ್ರಿಯ ಮನೆ ತುಂಬಿಹೋಗಿತ್ತು. ಕುತ್ತಿಗೆವರೆಗೆ ಬಿಳಿ ಬಟ್ಟೆ ಹೊದಿಸಿ ಅವಳನ್ನು ಮಲಗಿಸಿದ್ದರು. ಮೇಸ್ತ್ರಿ ತಲೆಯ ಬಳಿ ನಿಂತು ಹಾಡಲು ಹೋಗಿ ಬಿಕ್ಕಿದ. ಹೆಂಗಸರೆಲ್ಲ ಅವನನ್ನು ನೋಡಿ ಅತ್ತರು.

"ದೇವರು ಯಾಕೆ ತಡೀಲಿಲ್ಲ ಪಾದ್ರಿಗಳೇ?" ಯಾರೋ ಕೇಳಿದರು.

"ಗೊತ್ತಿಲ್ಲಮ್ಮ," ಎಂದರು ಪಾದ್ರಿಗಳು.

ಅಂಗಡಿಯವನಿಗೆ ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ, ಅಷ್ಟೆ. ಸತ್ತವಳ ಮಾನ ಕಾಯುವುದೂ ಒಂದು ದಯೆಯೇ ಎಂದುಕೊಂಡು ಹಿಂದಿನ ಕೋಣೆಗೆ ಹೋದ. ಅಲ್ಲಿ ಅವನ ಹೆಂಡತಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಗು ದೂರದ ಊರಿಗೆ ಹೊರಟಂತೆ ಎರಡು ಅಂಗಿ ಒಂದರ ಮೇಲೊಂದು ತೊಟ್ಟಿತ್ತು.

"ಏನಾಯ್ತು ಕಂದಾ?" ಹೆಂಡತಿ ಮೆಲ್ಲಗೆ ಕೇಳಿದಳು.

"ಅಪ್ಪ ಹಾಲು ಕುಡಿದು ಮಲಗ್ತಾರೆ, ನಾವು ಬಸ್ಸು ಹತ್ತೋವರೆಗೂ ಏಳಲ್ಲ, ಇನ್ನು ಮೇಲೆ ಯಾರೂ ನಮ್ಮನ್ನ ಹೊಡೆಯಲ್ಲ ಅಂದಿದ್ದಳು ಅಮ್ಮ," ಎಂದಿತು ಮಗು. "ಆದರೆ ಅಪ್ಪ ಎದ್ದುಬಂದುಬಿಟ್ಟರು."