ಬದುವಿನ ಕೆಳಗಿನ ಕಟ್ಟೆ

“ಅವಳ ಹೊಲ ಬಿಡಿ ಮೇಡಂ, ನನ್ನ ಹೊಲದಲ್ಲಿ ಅಗೀರಿ,” ಎಂದು ಸಪ್ಪಲಮ್ಮ ಬದುವಿನ ಈಚೆ ಕಾಲೂರಿ ನಿಂತಳು. ಪುರಾತತ್ವ ಇಲಾಖೆಯ ಸಂಘಮಿತ್ರ ಆಗಷ್ಟೇ ಬದುವಿನ ಆಚೆಯ ಲಕ್ಷ್ಮೀದೇವಮ್ಮನ ಹತ್ತಿರ, ಹಿಪ್ಪುನೇರಳೆ ಸೊಪ್ಪು ಕಟಾವಿಗೆ ಬಂದಿದೆ, ಒಂದು ಗುದ್ದಲಿ ಏಟೂ ಬೀಳಕೂಡದು ಎಂದು ಹೇಳಿಸಿಕೊಂಡು ಬಂದಿದ್ದರು.

ಅವರು ಹುಡುಕುತ್ತಿದ್ದದ್ದು ಒಂದು ಹಳೆಯ ಕಟ್ಟೆಯನ್ನು. ದಕ್ಷಿಣ ಪಿನಾಕಿನಿ ಹಿಂದೊಮ್ಮೆ ಈ ಹೊಲಗಳನ್ನು ಸವರಿಕೊಂಡೇ ಹರಿಯುತ್ತಿತ್ತು; ಹರಿಗೋಲು ನಿಲ್ಲಿಸಿ ಜನ, ಸಾಮಾನು ಇಳಿಸಲು ದಡದಲ್ಲಿ ಕಲ್ಲಿನ ಕಟ್ಟೆಯೊಂದಿತ್ತು; ಹೊಳೆ ದೂರ ಸರಿದ ಮೇಲೆ ಅದು ಮಣ್ಣು ಸೇರಿತು ಎಂಬುದು ಅವರ ನಂಬಿಕೆ. ಡ್ರೋನ್ ತೆಗೆದ ಫೋಟೋದಲ್ಲಿ ಲಕ್ಷ್ಮೀದೇವಮ್ಮನ ಹಿಪ್ಪುನೇರಳೆ ತೋಟದ ಒಂದೇ ಒಂದು ಸಾಲು ಬದುವಿನವರೆಗೂ ದಾರ ಹಿಡಿದ ಹಾಗೆ ಒಣಗಿತ್ತು. “ಕೆಳಗೆ ಕಲ್ಲಿದ್ರೆ ಬೇರು ಇಳಿಯಲ್ಲಮ್ಮ. ಬೇಸಿಗೇಲಿ ಗಿಡ ಹೀಗೇ ಒಣಗೋದು,” ಎಂದು ಅವರು ಹೇಳಿದಾಗ ಸಪ್ಪಲಮ್ಮ ಫೋಟೋವನ್ನು ಕೈಯಿಂದ ಕಿತ್ತುಕೊಂಡಂತೆಯೇ ತೆಗೆದುಕೊಂಡು ನೋಡಿದ್ದಳು.

ಊರಿನಲ್ಲಿ ಆ ಸಾಲಿಗೆ ಬೇರೆಯದೇ ಕಾರಣವಿತ್ತು. ಇವರಿಬ್ಬರ ಗಂಡಂದಿರು, ಅಣ್ಣತಮ್ಮಂದಿರು, ಭಾಗವಾದ ವರ್ಷ ಲಕ್ಷ್ಮೀದೇವಮ್ಮ ಹಿಪ್ಪುನೇರಳೆ ಹಾಕಿಸಿದಳು. ಮೊದಲ ಬೇಸಿಗೆಗೇ ಆ ಸಾಲು ಒಣಗಿತು. ವಾರಗಿತ್ತಿ ಸಪ್ಪಲಮ್ಮ ಬದುವಿನ ಹತ್ತಿರ ನಿಂಬೆಹಣ್ಣು ಹೂತಿದ್ದಾಳೆ, ಮಾಟ ಮಾಡಿಸಿದ್ದಾಳೆ ಎಂದು ಅವಳು ಡೇರಿಯ ಮುಂದೆ ನಿಂತು ಕೂಗಾಡಿದ್ದಳು. ಸಪ್ಪಲಮ್ಮನದು ರಾಗಿ ಹೊಲ. ರಾಗಿ ಮೇಲ್ಮಣ್ಣಿನಲ್ಲೇ ಬೇರು ಬಿಟ್ಟು ಮಳೆಗೆ ಎದ್ದು ಬಂದುಬಿಡುತ್ತಿತ್ತು. ಅವಳದು ಮಾತ್ರ ಹೇಗೆ ನೆಟ್ಟಗಿದೆ ಎಂದು ಜನ ಅದನ್ನೂ ಸಾಕ್ಷಿಗೆ ಸೇರಿಸಿದರು. ಆಮೇಲೆ ಅವಳು ನಾಮಕರಣಗಳಿಗೆ ಹೋದರೆ ಹೆಂಗಸರು ಕೂಸಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಸಪ್ಪಲಮ್ಮ ಹೋಗುವುದನ್ನು ಬಿಡಲಿಲ್ಲ. ಒಳ್ಳೆಯ ಸೀರೆ ಉಟ್ಟು ಹೋಗಿ, ಪಂಕ್ತಿಯಲ್ಲಿ ಕೂತು ಹೊಟ್ಟೆತುಂಬ ಉಂಡು ಬರುತ್ತಿದ್ದಳು.

“ಮೊದಲೇ ಹೇಳ್ಬಿಡ್ತೀನಮ್ಮ,” ಎಂದರು ಸಂಘಮಿತ್ರ. “ಕಟ್ಟೆ ಸಿಕ್ಕಿದ್ರೆ ಇಲ್ಲಿ ಮನೆ ಕಟ್ಟೋ ಹಾಗಿಲ್ಲ, ಬೋರ್ ಕೊರೆಸೋ ಹಾಗಿಲ್ಲ.”

ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬಂದಿದ್ದ ಸಪ್ಪಲಮ್ಮನ ಮಗ ನರೇಶ ಬೆಚ್ಚಿದ. “ಮನೆಗೆ ಅಂತ ಇಟ್ಕೊಂಡಿರೋ ಜಾಗ ಕಣಮ್ಮ ಇದು! ಅಗೆದು ಏನೂ ಸಿಗ್ಲಿಲ್ಲ ಅಂದ್ರೆ? ಇನ್ನೂ ಆಡ್ಕೋತಾರೆ.”

“ಸಿಗುತ್ತೆ. ನಾನೇನೂ ಹೂತಿಲ್ಲ ಅಂತ ಈ ಊರಲ್ಲಿ ಸರಿಯಾಗಿ ಗೊತ್ತಿರೋದು ನನಗೊಬ್ಳಿಗೇ. ನಿಂಬೆಹಣ್ಣು ಇಲ್ದಿದ್ಮೇಲೆ ಅಲ್ಲಿರೋದು ಕಲ್ಲೇ. ಮನೆ ಇನ್ನೊಂದ್ ಕಡೆ ಕಟ್ಕೋ.”

ಬದುವಿಗೆ ತಾಗಿಕೊಂಡೇ ಅಗೆತ ಶುರುವಾಯಿತು. ಕೆಮ್ಮಣ್ಣಿನ ಕೆಳಗೆ ಹೊಳೆಯ ಮರಳು ಬಂತು, ಮರಳಲ್ಲಿ ಚಿಪ್ಪು. ಸಂಘಮಿತ್ರ ಗುದ್ದಲಿ ನಿಲ್ಲಿಸಿ, ತಾವೇ ಗುಂಡಿಗಿಳಿದು ಬ್ರಷ್ ಹಿಡಿದರು. ಬಿಸಿಲು ಏರುವ ಹೊತ್ತಿಗೆ ಉಳಿಯಲ್ಲಿ ಕೆತ್ತಿದ ಕಲ್ಲಿನ ಅಂಚೊಂದು ಕಂಡಿತು. ಅದರ ಕೆಳಗೆ ಮೆಟ್ಟಿಲು, ಪಕ್ಕದಲ್ಲಿ ತೂತಿದ್ದ ಒಂದು ಕಲ್ಲು. ತೂತಿನ ಬಾಯಿ ಹಗ್ಗ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. “ಹರಿಗೋಲು ಕಟ್ತಿದ್ದ ಕಲ್ಲಮ್ಮ ಇದು! ಏಳುನೂರು ವರ್ಷಕ್ಕೆ ಕಮ್ಮಿ ಇರಲಾರದು,” ಎಂದರು. ಗೋಡೆ ನೇರವಾಗಿ ಬದುವಿನ ಕೆಳಗೆ ನುಗ್ಗಿತ್ತು. ಸಪ್ಪಲಮ್ಮ ಬಗ್ಗಿ ಕಲ್ಲಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಎಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ.

ಯಾವಾಗ ಬಂದಳೋ, ಲಕ್ಷ್ಮೀದೇವಮ್ಮ ಬದುವಿನ ಮೇಲೆ ನಿಂತಿದ್ದಳು. “ನಮ್ಮ ಸಾಲಿನ ಕೆಳಗಿರೋದೂ ಇದೇನಾ?”

“ಇದೇ ಅಮ್ಮ. ಗೋಡೆ ಹಾಗೇ ಮುಂದಕ್ಕೆ ಹೋಗುತ್ತೆ.”

ಲಕ್ಷ್ಮೀದೇವಮ್ಮ ಒಣಗಿದ ಸಾಲನ್ನು ನೋಡಿದಳು, ಗುಂಡಿಯನ್ನು ನೋಡಿದಳು. ಕೊನೆಗೆ ಸೆರಗಿನಿಂದ ಕತ್ತು ಒರೆಸಿಕೊಂಡು, “ಹೋಗ್ಲಿ ಬಿಡೇ ಸಪ್ಪಲಿ, ಆಗಿದ್ದಾಗೋಯ್ತು. ಸಾಯಂಕಾಲ ಮನೆಗ್ ಬಾ, ಕಾಫಿ ಕುಡಿಯೋಣ,” ಎಂದಳು.

“ಕಾಫಿ ಆಮೇಲೆ ಕುಡಿಯೋಣ ಅಕ್ಕ. ಅಂದಿದ್ದು ಊರ ಮುಂದೆ, ಮನೆ ಒಳಗೆ ಕರೆದು ಬಾಯಿ ಒರೆಸಿದ್ರೆ ಆಗಲ್ಲ. ಬೆಳಗ್ಗೆ ಡೇರಿ ಹತ್ರ ಹೇಳು.”

ಲಕ್ಷ್ಮೀದೇವಮ್ಮ ಬದು ಇಳಿದು ಹೋದಳು. ಹೇಳುತ್ತಾಳೋ ಇಲ್ಲವೋ ಎಂದು ನರೇಶ ರಾತ್ರಿ ಊಟಕ್ಕೆ ಕೂತಾಗ ಅನುಮಾನಪಟ್ಟ. ಸಪ್ಪಲಮ್ಮ ಮುದ್ದೆ ಮುರಿಯುತ್ತಾ, “ಬಾಯಿ ಜೋರು ಅಷ್ಟೇ ಕಣೋ, ಕಳ್ಳಿ ಅಲ್ಲ ಅವಳು,” ಎಂದಳು.

ಬೆಳಗ್ಗೆ ಡೇರಿಯಲ್ಲಿ ಸಾಲು ಉದ್ದವಿತ್ತು. ಲಕ್ಷ್ಮೀದೇವಮ್ಮ ಕ್ಯಾನು ಕೆಳಗಿಟ್ಟಳು. ಕೆಮ್ಮಿ, ಎಂದಿನ ಗಂಟಲಿನಲ್ಲೇ ಕೂಗಿದಳು: “ಎಲ್ಲಾ ಕೇಳಿಸ್ಕೊಳ್ಳಿ! ಸಪ್ಪಲಿ ಮಾಟ ಗೀಟ ಏನೂ ಮಾಡ್ಸಿಲ್ಲ. ನಮ್ಮ ಸಾಲಿನ ಕೆಳಗಿದ್ದದ್ದು ಕಲ್ಲು. ಬಾಯಿಗೆ ಬಂದಂಗೆ ಅಂದೋಳು ನಾನು.”

ಹಾಲು ಅಳೆಯುವವನ ಕೈ ಕೂಡ ನಿಂತಿತು. ಸಾಲಿನ ಹಿಂದಿನಿಂದ ಯಾವಳೋ ಮೆಲ್ಲಗೆ ಎತ್ತಿದಳು: “ಸರಿ ಕಣಕ್ಕ. ಅಷ್ಟೊಂದು ಕಲ್ಲು ತಂದು ಅಲ್ಲಿ ಹೂತೋರು ಯಾರು ಮತ್ತೆ?”

ಸಪ್ಪಲಮ್ಮ ತನ್ನ ಹಾಲನ್ನು ಒಂದು ಹನಿ ಚೆಲ್ಲದೆ ಸುರಿದು, ಖಾಲಿ ಕ್ಯಾನಿನ ಮುಚ್ಚಳ ಒತ್ತಿ, ನಿಧಾನವಾಗಿ ತಿರುಗಿದಳು.

“ನಾನೇ ಕಣೇ. ಏಳುನೂರು ವರ್ಷ ಆಯ್ತು.”