ಚೆನ್ನಾಜಮ್ಮನ ಮೂರು ನಿಮಿಷ

ಪ್ರತಿ ನವೆಂಬರಿನಲ್ಲೂ ಪಿಂಚಣಿ ಕಚೇರಿಯ ಹುಡುಗಿ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ ತಂದು ಮನೆಯ ಟಿವಿಗೆ ಜೋಡಿಸುತ್ತಿದ್ದಳು. ಅದರೊಳಗಿನ ಯುದ್ಧದಲ್ಲಿ ಮೂರು ನಿಮಿಷ ಉಳಿದವರನ್ನು ಬದುಕಿದ್ದಾರೆಂದು ಬರೆದುಕೊಳ್ಳುವುದು ಸರ್ಕಾರದ ಪದ್ಧತಿ. ಹೋದ ವರ್ಷ ಸೋತ ಮರಿಯಪ್ಪನವರು ಅಂದಿನಿಂದ ಕಾಗದದ ಮೇಲೆ ಸತ್ತಿದ್ದರು. ಪಿಂಚಣಿ ಪಟ್ಟಿಯಲ್ಲಿ ಆ ಮನೆಯಿಂದ ಉಳಿದದ್ದು ಹೆಂಡತಿ ಚೆನ್ನಾಜಮ್ಮನ ಹೆಸರೊಂದೇ. ಅದೂ ಹೋದರೆ ಅಕ್ಕಿಯೂ ಇಲ್ಲ, ಔಷಧಿಯೂ ಇಲ್ಲ.

ಚೆನ್ನಾಜಮ್ಮ ಬಳೆ ಮೇಲೆ ಸರಿಸಿ ಜಾಯ್‌ಸ್ಟಿಕ್ ಹಿಡಿದರು. ಟಿವಿಯಲ್ಲಿ, ಅವರು ನಡೆಸಬೇಕಾದ ಉಕ್ಕಿನ ದೈತ್ಯಯಂತ್ರದ ಕಣ್ಣಿನಿಂದ ಪಾಳುಬಿದ್ದ ಊರು ಕಂಡಿತು. ಯಂತ್ರ ಹೆಜ್ಜೆಯಿಟ್ಟಾಗಲೆಲ್ಲ ಕುರ್ಚಿಯಲ್ಲಿ ತಾವೂ ವಾಲಿದರು.

“ಬಲಕ್ಕೆ ತಿರುಗೇ!” ಪಕ್ಕದಲ್ಲಿ ಕೂತಿದ್ದ ಮರಿಯಪ್ಪ ಕೂಗಿದರು.

“ತೀರಿಕೊಂಡವರು ಹೇಳಿಕೊಡೋ ಹಾಗಿಲ್ಲಮ್ಮಾ,” ಎಂದಳು ಹುಡುಗಿ.

“ಐವತ್ತು ವರ್ಷದಿಂದ ಇವರ ಮಾತು ಕೇಳಿಲ್ಲ, ಈಗ ಕೇಳ್ತೀನಾ?” ಎಂದರು ಚೆನ್ನಾಜಮ್ಮ.

ಇನ್ನೊಂದು ನಿಮಿಷವಿರುವಾಗ ಶತ್ರುವಿನ ಯಂತ್ರ ಎದುರಾಯಿತು. ಓಡಲು ದಾರಿಯಿರಲಿಲ್ಲ. ಮುರಿದ ಸೇತುವೆಯ ಬಳಿ ಒಂದು ಯಂತ್ರ ಮಗುಚಿ ಬಿದ್ದಿತ್ತು. ಬೆನ್ನ ಮೇಲೆ ಮರಿಯಪ್ಪನವರ ಪಿಂಚಣಿ ನಂಬರು. ಚೆನ್ನಾಜಮ್ಮ ಅದರ ಮರೆಗೆ ಸರಿದು ಉಸಿರು ಬಿಗಿಹಿಡಿದರು. ಗುಂಡುಗಳೆಲ್ಲ ಅದಕ್ಕೇ ಬಡಿದವು. ಕೊನೆಗೂ ಮೂರು ನಿಮಿಷ ಮುಗಿದ ಗಂಟೆ ಹೊಡೆಯಿತು.

“ಇದ್ದಾರೆ,” ಎಂದು ಹುಡುಗಿ ಬರೆದುಕೊಂಡಳು.

ಮರಿಯಪ್ಪ ಟಿವಿಯತ್ತ ಬಗ್ಗಿ ನೋಡಿದರು. “ಇನ್ನೂ ಅಲ್ಲೇ ಬಿದ್ದಿದ್ದೀನಲ್ಲೇ!”

“ಹಾಗೇ ಇರಿ, ಅಲ್ಲಾಡಬೇಡಿ,” ಎಂದರು ಚೆನ್ನಾಜಮ್ಮ. “ಮುಂದಿನ ವರ್ಷಾನೂ ಬೇಕು.”