ಕಡೆಯ ಪೆಟ್ಟು

ಕಾಳವ್ವನ ಅಪ್ಪ ಮೌನಪ್ಪ ತೀರಿಕೊಂಡು ಮೂರು ವರ್ಷವಾದರೂ ಅವನ ಸುತ್ತಿಗೆ ದಿನಾ ಬೆಳಿಗ್ಗೆ ತಾನಾಗಿಯೇ ಎದ್ದು ತಾಮ್ರದ ಕೊಡ ಬಡಿಯುತ್ತಿತ್ತು. ಓಣಿಗೆ ಅದೇನೂ ಹೊಸದಲ್ಲ. ಕಸುಬು ಕಲಿಸದೆ ಸತ್ತವರ ಉಪಕರಣಗಳು ಯಾರಾದರೂ ಕಲಿಯುವವರೆಗೆ ಸುಮ್ಮನಾಗುತ್ತಿರಲಿಲ್ಲ. ಮೂಲೆಮನೆಯ ದರ್ಜಿಯ ಕತ್ತರಿ ಮೊನ್ನೆಯಷ್ಟೇ ನಿಂತಿತ್ತು.

“ಕಾಳವ್ವ, ಕಡೀ ಪೆಟ್ಟು ಇನ್ನೂ ಕೈಗೆ ಬಂದಿಲ್ಲೇನ?” ಪಕ್ಕದ ಮನೆಯ ಕಂಚುಗಾರ ಈರಪ್ಪ ಹೊಸ್ತಿಲಲ್ಲೇ ನಿಂತು ಕೇಳಿದ. “ಕೊಡ ಗಂಟಿಹಂಗ ನುಡಿಯೋದು ಅದರಿಂದನ. ನಿಮ್ಮಪ್ಪ ಯಾರಿಗೂ ಹೇಳಲಿಲ್ಲ. ನೀ ಕಲತು ನಮಗೆಲ್ಲಾ ಕಲಿಸಿದ್ರ ಕಸಬೂ ಉಳೀತೈತಿ, ಆ ಜೀವಕ್ಕೂ ಬಿಡುಗಡೆ ಸಿಗತೈತಿ.”

“ಇನ್ನೂ ಬಂದಿಲ್ರಿ ಕಾಕಾ,” ಎಂದಳು ಕಾಳವ್ವ, ಅವನ ಮುಖ ನೋಡದೆ.

“ಭಾಳ ದಣದಾನವ್ವ. ಸುತ್ತಿಗಿ ಏಳೋದು ನೋಡು, ಎಷ್ಟು ಸಾವಕಾಶ,” ಎಂದು ಈರಪ್ಪ ಹೊರಟುಹೋದ.

ಅದು ಅವಳಿಗೂ ಕಾಣುತ್ತಿತ್ತು. ಹೋದ ದೀಪಾವಳಿಗೇ ಆ ಪೆಟ್ಟಿನ ಓರೆ, ತೂಕ ಎರಡೂ ಅವಳಿಗೆ ತಿಳಿದುಹೋಗಿದ್ದವು. ಒಮ್ಮೆ ಸರಿಯಾಗಿ ಹೊಡೆದರೆ ಸಾಕು, ಅಪ್ಪನ ಸುತ್ತಿಗೆ ನೆಲಕ್ಕೆ ಬಿದ್ದು ಮತ್ತೆಂದೂ ಏಳುವುದಿಲ್ಲ.

ಕಾಳವ್ವ ತನ್ನ ಸುತ್ತಿಗೆ ಎತ್ತಿ, ಬೇಕೆಂದೇ ಒಂದು ಬೆರಳು ಆಚೆಗೆ ಹೊಡೆದಳು. ಕೊಡ ನುಡಿಯಲಿಲ್ಲ, ದೊಬ್ಬೆಂದಿತು.

ಹೆಣ್ಣುಮಗಳೆಂದು ಬದುಕಿರುವವರೆಗೂ ಅವಳನ್ನು ಕುಲುಮೆಯ ಹತ್ತಿರ ಸೇರಿಸದಿದ್ದ ಅಪ್ಪನ ಸುತ್ತಿಗೆ, ನಡುಗುತ್ತಾ ಎದ್ದು, ಅವಳ ಕೈಯ ಪಕ್ಕದಲ್ಲೇ, ಇನ್ನೊಮ್ಮೆ ಮೊದಲಿನಿಂದ ತೋರಿಸತೊಡಗಿತು.